ಸೌದಿ ಪಾಕಿಸ್ತಾನದ ಕಡೆ ಹೋಯ್ತಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಗಲ್ಫ್‌ನಲ್ಲಿ ಕೆಲಸ ಮಾಡುವವನು ಊರಿಗೆ ಬಂದರೆ ಮೊದಲು ಸಂಬಳ ಎಷ್ಟು ಅಂತಾರೆ. ಆಮೇಲೆ ಇದು: "ಅಲ್ಲ ಮಾರಾಯ, ಸೌದಿ ಪಾಕಿಸ್ತಾನದ ಜೊತೆ ಸೇರಿಕೊಂಡಿತಲ್ಲ, ಇನ್ನು ನಮ್ಮ ಕಥೆ?"

2025ರ ಸೆಪ್ಟೆಂಬರ್ 17ರಂದು ರಿಯಾದ್‌ನಲ್ಲಿ ಎರಡೂ ದೇಶಗಳು ರಕ್ಷಣಾ ಒಪ್ಪಂದಕ್ಕೆ ಸಹಿ ಹಾಕಿದವು. ಒಬ್ಬರ ಮೇಲೆ ದಾಳಿಯಾದರೆ ಇಬ್ಬರ ಮೇಲೂ ಆದ ಹಾಗೆ ಅನ್ನುವುದು ಅದರ ಸಾರ. ಓದಿದ ಕೂಡಲೇ ಎದೆ ಝಲ್ ಅನ್ನುತ್ತೆ, ನಿಜ. ಆದರೆ ಸೌದಿ ಹೀಗೆ ಮಾಡಿದ್ದು ನಮ್ಮ ಮೇಲಿನ ಸಿಟ್ಟಿಗಲ್ಲ. ಅಮೆರಿಕದ ಮೇಲಿದ್ದ ನಂಬಿಕೆ ಸವೆದಿದ್ದಕ್ಕೆ.

2019ರ ಸೆಪ್ಟೆಂಬರ್ 14 ನೆನಪಿದೆಯಾ? ಸೌದಿಯ ಅಬ್ಕೈಕ್ ತೈಲ ಘಟಕದ ಮೇಲೆ ಡ್ರೋನ್, ಕ್ಷಿಪಣಿ ಬಿದ್ದವು. ಸೌದಿಯ ತೈಲ ಉತ್ಪಾದನೆಯಲ್ಲಿ ಸುಮಾರು ಅರ್ಧ ಒಂದೇ ಬೆಳಗ್ಗೆ ನಿಂತುಹೋಯಿತು. ಇದು ಇರಾನ್ ಕೆಲಸ ಅಂತ ಅಮೆರಿಕವೇ ಹೇಳಿತು. ಇರಾನ್ ಒಪ್ಪಲಿಲ್ಲ. ಅಮೆರಿಕ ಒಂದಷ್ಟು ಸೈನಿಕರನ್ನು ಕಳಿಸಿತು, ಇರಾನ್ ಮೇಲೆ ಮಾತ್ರ ಕೈ ಮಾಡಲಿಲ್ಲ. ಕಾವಲಿಗೆ ಇಟ್ಟುಕೊಂಡವನೇ ಸುಮ್ನೆ ನಿಂತರೆ ಎದುರುಮನೆಯವನ ಜೊತೆ ರಾಜಿ ಮಾಡಿಕೊಳ್ಳಬೇಕು, ಅಲ್ವಾ? 2016ರಿಂದ ಸಂಬಂಧ ಕಡಿದುಕೊಂಡಿದ್ದ ಸೌದಿ ಮತ್ತು ಇರಾನ್ 2023ರ ಮಾರ್ಚ್‌ನಲ್ಲಿ ಬೀಜಿಂಗ್‌ನಲ್ಲಿ ಕೈ ಕುಲುಕಿದವು.

ಆಮೇಲೆ 2025ರ ಸೆಪ್ಟೆಂಬರ್ 9. ಹಮಾಸ್ ನಾಯಕರನ್ನು ಗುರಿಯಾಗಿಸಿ ಇಸ್ರೇಲ್ ಕತಾರ್ ರಾಜಧಾನಿ ದೋಹಾ ಮೇಲೆ ಬಾಂಬ್ ಹಾಕಿತು. ಆ ಭಾಗದಲ್ಲೇ ಅಮೆರಿಕದ ಅತಿ ದೊಡ್ಡ ಸೇನಾ ನೆಲೆ ಇರುವುದು ಕತಾರ್‌ನಲ್ಲಿ! ಪಾಕಿಸ್ತಾನದ ಜೊತೆ ಸಹಿ ಬಿದ್ದದ್ದು ಅದಾದ ಎಂಟೇ ದಿನಕ್ಕೆ. ಮಾತುಕತೆ ಮುಂಚೆಯಿಂದಲೂ ಇತ್ತು, ಆದರೆ ಆ ಹೊತ್ತಿನಲ್ಲಿ ಸಹಿ ಹಾಕಿದ್ದು ಸುಮ್ನೆ ಅಲ್ಲ.

ಗಲ್ಫ್‌ನಲ್ಲಿ ದೋಸ್ತಿ, ದ್ವೇಷ ಎರಡಕ್ಕೂ ಆಯಸ್ಸು ಕಮ್ಮಿ. 2017ರ ಜೂನ್‌ನಲ್ಲಿ ಸೌದಿ, ಯುಎಇ, ಬಹ್ರೇನ್, ಈಜಿಪ್ಟ್ ಸೇರಿ ಕತಾರ್‌ಗೆ ದಿಗ್ಬಂಧನ ಹಾಕಿದವು. ಕತಾರ್‌ಗಿರುವ ಒಂದೇ ನೆಲದ ಗಡಿ ಸೌದಿಯದ್ದು, ಅದೂ ಬಂದ್. ಸೂಪರ್‌ಮಾರ್ಕೆಟ್‌ನಲ್ಲಿ ಸೌದಿ ಹಾಲು ಇರುತ್ತಿದ್ದ ಜಾಗಕ್ಕೆ ಟರ್ಕಿ ಹಾಲು ಬಂತು. ಇರಾನ್‌ನಿಂದ ತರಕಾರಿ ಬಂತು. ಕೊನೆಗೆ ಹಸುಗಳನ್ನೇ ವಿಮಾನದಲ್ಲಿ ತಂದಿಳಿಸಿದರು! ನಿಮ್ಮಲ್ಲಿರುವ ಟರ್ಕಿಯ ಸೇನಾ ನೆಲೆ ಮುಚ್ಚಿ, ನಿಮ್ಮ ಸುದ್ದಿ ವಾಹಿನಿ ಅಲ್ ಜಜೀರಾ ಮುಚ್ಚಿ ಅಂತ ಆ ನಾಲ್ಕು ದೇಶಗಳು ಹದಿಮೂರು ಬೇಡಿಕೆ ಇಟ್ಟಿದ್ದವು. ಕತಾರ್ ಎರಡನ್ನೂ ಮುಚ್ಚಲಿಲ್ಲ. 2021ರ ಜನವರಿಯಲ್ಲಿ ಸೌದಿಯ ಅಲ್ ಉಲಾದಲ್ಲಿ ಸೌದಿ ಯುವರಾಜ ಕತಾರ್ ಅಮೀರನನ್ನು ತಬ್ಬಿಕೊಂಡ. ಮುಗೀತು.

ಪಾಕಿಸ್ತಾನದ ವಿಷಯಕ್ಕೆ ಬಂದರೆ, 2015ರಲ್ಲಿ ಯೆಮೆನ್ ಯುದ್ಧಕ್ಕೆ ಬನ್ನಿ ಅಂತ ಸೌದಿ ಕರೆದಾಗ ಪಾಕ್ ಸಂಸತ್ತು ನಾವು ತಟಸ್ಥ ಅಂದುಬಿಟ್ಟಿತು. ಅಷ್ಟೊಂದು ಸಾಲ, ಸಹಾಯ ಪಡೆದೂ. ಹಾಗಿರುವಾಗ ತನ್ನ ತೈಲದ ದೊಡ್ಡ ಗಿರಾಕಿ ಭಾರತದ ಮೇಲೆ ಸೌದಿ ಪಾಕಿಸ್ತಾನಕ್ಕೋಸ್ಕರ ಯುದ್ಧಕ್ಕೆ ಇಳಿಯುತ್ತೆ ಅಂತ ನನಗೆ ಅನ್ನಿಸಲ್ಲ. ನನಗೆ ಜಾಸ್ತಿ ಚಿಂತೆ ಇರುವುದು ಸೌದಿ ಕೊಡಬಹುದಾದ ದುಡ್ಡಿನದ್ದು. ಅದರಲ್ಲಿ ಪಾಕ್ ಸೇನೆ ಏನೇನು ಕೊಳ್ಳುತ್ತೆ ಅನ್ನುವುದನ್ನು ದೆಹಲಿ ಕಣ್ಣಿಟ್ಟು ನೋಡಬೇಕು.