ಪಂದ್ಯ ಅವರದ್ದು, ಮಾತು ನಮ್ಮದು

ದೊಡ್ಡ ಟೂರ್ನಿ ಹತ್ತಿರ ಬಂದರೆ ಸಾಕು, ಯೂಟ್ಯೂಬಿನಲ್ಲಿ ಗೋಲಿನ ಕ್ಲಿಪ್ ಹಾಕಿ ದುಡ್ಡು ಮಾಡುವ ಆಸೆ ಎಲ್ಲರಿಗೂ. ಅದೇ ಎಲ್ಲಕ್ಕಿಂತ ಕೆಟ್ಟ ದಾರಿ. ಪ್ರಸಾರದ ಹಕ್ಕಿಗೆ ಅಷ್ಟೊಂದು ಸುರಿದವರು ಸುಮ್ನೆ ಕೂರುತ್ತಾರಾ? ಬೇರೆಯವರ ವಿಡಿಯೋವನ್ನು ತಾನಾಗೇ ಗುರುತಿಸುವ ಯೂಟ್ಯೂಬಿನ ವ್ಯವಸ್ಥೆ ಕಂಟೆಂಟ್ ಐಡಿ ಹಿಡಿದರೆ ವಿಡಿಯೋ ಬ್ಲಾಕ್ ಆಗಬಹುದು, ಇಲ್ಲಾ ನೀವು ರಾತ್ರಿಯೆಲ್ಲ ಕೂತು ಎಡಿಟ್ ಮಾಡಿದ ವಿಡಿಯೋದ ಜಾಹೀರಾತು ಹಣ ನೇರವಾಗಿ ಹಕ್ಕುದಾರರ ಜೇಬಿಗೆ ಹೋಗಬಹುದು.

ನನ್ನ ಲೆಕ್ಕದಲ್ಲಿ ಹಣ ಇರುವುದು ಪಂದ್ಯದ ಸುತ್ತಮುತ್ತ. 2026ರ ಫುಟ್‌ಬಾಲ್ ವಿಶ್ವಕಪ್ಪನ್ನೇ ತಗೊಳ್ಳಿ, 48 ತಂಡ, 104 ಪಂದ್ಯ, ಆಡಿಸುವುದು ಮೂರು ದೇಶ. ಹೊಸದಾಗಿ ನೋಡುವವರಿಗೆ ಆಫ್‌ಸೈಡ್ ಅಂದರೇನು, ಗುಂಪಿನಲ್ಲಿ ಮೂರನೇ ಸ್ಥಾನಕ್ಕೆ ಬಂದ ತಂಡವೂ ಹೇಗೆ ಮುಂದೆ ಹೋಗುತ್ತದೆ, ಇಂಥದ್ದನ್ನೆಲ್ಲ ನಿಮ್ಮದೇ ಚಿತ್ರ, ನಿಮ್ಮದೇ ದನಿಯಲ್ಲಿ ಹೇಳಿದರೆ ಹಕ್ಕುದಾರರ ಕ್ಲೇಮ್ ಕಾಟ ಇರಲ್ಲ. ಟೂರ್ನಿ ಶುರುವಾಗುವ ಮೊದಲೇ ಹಾಕಿರಬೇಕು, ಅಷ್ಟೇ. ಉದ್ದ ವಿಡಿಯೋದ ಜಾಹೀರಾತಿನಲ್ಲಿ ಕ್ರಿಯೇಟರ್‌ಗೆ 55% ಸಿಗುತ್ತದೆ. ಶಾರ್ಟ್ಸ್‌ನಲ್ಲಿ, ಕ್ರಿಯೇಟರ್‌ಗಳ ಪಾಲಿಗೆ ಎತ್ತಿಟ್ಟ ಹಣದಲ್ಲಿ 45%.

ಲೈವ್‌ನಲ್ಲಿ ಕೂತು, ಪಂದ್ಯ ತೋರಿಸದೆ, ಬರೀ ಮಾತಾಡುತ್ತಾ ನೋಡುವವರೂ ಇದ್ದಾರೆ. ಅವರಿಗೆ ಸೂಪರ್ ಚಾಟ್‌ನಿಂದ, ಅಂದರೆ ನೋಡುಗರು ದುಡ್ಡು ಕೊಟ್ಟು ಹಾಕುವ ಮೆಸೇಜ್‌ಗಳಿಂದ, ಹಣ ಬರುತ್ತದೆ, ಜನ ನಿಮ್ಮ ಜೊತೆ ಕಿತ್ತಾಡಲೂ ದುಡ್ಡು ಕೊಡುತ್ತಾರೆ ಅಂದರೆ ನೋಡಿ! ಶೂ, ಜೆರ್ಸಿಯ ಅಫಿಲಿಯೇಟ್ ಲಿಂಕ್ (ಅದರಿಂದ ಯಾರಾದರೂ ಕೊಂಡರೆ ನಿಮಗೆ ಪಾಲು) ಹಾಕುವುದಾದರೆ ಕಮಿಷನ್ ಬರುತ್ತದೆ ಅಂತ ಅಲ್ಲೇ ಹೇಳಿಬಿಡಿ. ಆದರೆ ಟೂರ್ನಿಯ ಲೋಗೋ ಇರುವ ಟೀ ಶರ್ಟ್ ಮಾಡಿ ಮಾರೋಕೆ ಹೋಗಬೇಡಿ, ಅದು ಟ್ರೇಡ್‌ಮಾರ್ಕ್ ಜಗಳ.

ತಮ್ಮ ಪ್ರಚಾರ ಮಾಡಿ ಅಂತ ಮೇಲ್ ಕಳಿಸಿ ಜಾಸ್ತಿ ದುಡ್ಡಿನ ಆಮಿಷ ಒಡ್ಡುವುದು ಬೆಟ್ಟಿಂಗ್ ಆ್ಯಪ್‌ಗಳು. ನಾನಂತೂ ಆ ಮೇಲ್‌ಗಳನ್ನು ತೆರೆಯದೇ ಅಳಿಸುತ್ತೇನೆ.