ಪ್ಯಾಚ್ ಮುಗಿಯದ ಯುದ್ಧ
ಗೇಮ್ ಡಿಸೈನರ್ ಗ್ಯಾರಿ ಗ್ರಿಗ್ಸ್‌ಬಿಯ ವಾರ್ ಇನ್ ದ ಪೆಸಿಫಿಕ್ ಅನ್ನೋ ಎರಡನೇ ಮಹಾಯುದ್ಧದ ಕಂಪ್ಯೂಟರ್ ಗೇಮ್ ಬಂದಿದ್ದು 2004ರಲ್ಲಿ, ಅದನ್ನೇ ತಿದ್ದಿ ತೀಡಿ 2009ರಲ್ಲಿ ಅಡ್ಮಿರಲ್ಸ್ ಎಡಿಷನ್ ಅಂತ ಬಿಟ್ರು, ಅದಾದ್ಮೇಲೂ ವರ್ಷಗಟ್ಲೆ ಪ್ಯಾಚ್, ಅಂದ್ರೆ ತಪ್ಪು ಸರಿಮಾಡೋ ಅಪ್‌ಡೇಟ್, ಬರ್ತಾನೇ ಇತ್ತು. ಒಂದು ಟರ್ನ್ ಅಂದ್ರೆ ಯುದ್ಧದ ಒಂದೇ ದಿನ ಮಾರಾಯ್ರೇ, 1941ರ ಡಿಸೆಂಬರ್‌ನಿಂದ ಪೂರ್ತಿ ಆಡಿದ್ರೆ ಸಾವಿರ ಟರ್ನ್ ದಾಟುತ್ತೆ, ಇಬ್ರು ಈಮೇಲಲ್ಲಿ ಫೈಲ್ ಕಳಿಸ್ಕೊಂಡು ಆಡ್ತಾ ಕೂತ್ರೆ ನಿಜವಾದ ಯುದ್ಧವೇ ಬೇಗ ಮುಗಿದಿತ್ತು ಅನ್ಸುತ್ತೆ! ಪ್ಯಾಚ್ ಮಾಡೋರ ಪಾಡು ನೋಡಿ, ಯಾವುದೋ ಹಡಗಿಗೆ ತಪ್ಪು ಗನ್ ಹಾಕಿದೀರ ಅಂತ ಆಡೋರು ಪುರಾವೆ ಸಮೇತ ಬರ್ತಾರೆ, ಕೋಡಲ್ಲಿರೋ ಬಗ್ ಆದ್ರೆ ನಡೀತಿರೋ ಆಟಕ್ಕೂ ಸರಿಹೋಗುತ್ತೆ, ಸಿನಾರಿಯೋ ಡೇಟಾ, ಅಂದ್ರೆ ಆಟ ಶುರುವಾಗೋವಾಗ ಲೋಡ್ ಆಗೋ ಹಡಗು-ಗನ್ನಿನ ವಿವರ, ತಿದ್ದಿದ್ರೆ ಸಾಮಾನ್ಯವಾಗಿ ಮೊದಲಿಂದ ಶುರು ಮಾಡ್ಬೇಕು. ವರ್ಷಗಟ್ಲೆ ಆಡಿ 1944ಕ್ಕೆ ಬಂದು ನಿಂತಿರೋನಿಗೆ ಹಾಗಂತ ಹೇಳೋದು ಹೇಗೆ? ನಂಗಂತೂ ಹೊಸ ಗೇಮ್ ಟ್ರೇಲರ್‌ಗಿಂತ ಇಂಥ ಪ್ಯಾಚ್ ನೋಟ್ಸ್ ಓದೋದೇ ಮಜಾ.