ಎಲ್ಲಾ ಖರ್ಚಾಗಿ ಹೋಯ್ತಾ ಮಗ?

ಬುಧವಾರ ಮಧ್ಯಾಹ್ನ ಕೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. "ಎಲ್ಲಾ ಖರ್ಚಾಗಿ ಹೋಯ್ತಾ ಮಗ?"

ಕೇಳಿದ್ದು ಅಕ್ಕನ ಅತ್ತೆ, ನಾನು ಅಜ್ಜಿ ಅನ್ನುವವರು. ಮಡಿಕೇರಿಯಲ್ಲಿ ಅಕ್ಕ ತೆರೆಯುತ್ತಿರುವ ಅಂಗಡಿಯ ಬಾಗಿಲಲ್ಲಿ, ನೀರು ಸೋರುವ ಕೊಡೆ ಹಿಡಿದು ನಿಂತಿದ್ದರು. ಬೆಳ್ಳಿ ಒಡವೆ, ಬ್ಯಾಗು, ಸ್ಕಾರ್ಫುಗಳನ್ನು ಅಕ್ಕ ಇಷ್ಟು ವರ್ಷ ಮನೆಯಿಂದಲೇ ಮಾರಿದಳು. ಅವಳ ಹೆಸರಿನ ಮೊದಲ ದೊಡ್ಡ ಅಂಗಡಿ ಇದು. ಇಂಟೀರಿಯರ್ ಕೆಲಸ ನನ್ನದು.

ನಾಲ್ಕು ತಿಂಗಳಿಂದ ನಾನು ಒಂದೊಂದೇ ಸಾಮಾನು ಕಡಿಮೆ ಮಾಡುತ್ತಾ ಬಂದಿದ್ದೆ. ಗಾಜಿನ ಶೋಕೇಸ್ ಬೇಡ ಅಂದೆ. ಗೊಂಬೆ ಬೇಡ ಅಂದೆ. ಸುಣ್ಣದ ಗೋಡೆ, ಹಲಸಿನ ಮರದ ಒಂದು ಉದ್ದನೆಯ ಮೇಜು, ಅದರ ಮೇಲೆ 22 ವಸ್ತು. ಉಳಿದದ್ದೆಲ್ಲ ಹಿಂದಿನ ಗೋಡೆಯ ಡ್ರಾಯರ್‌ಗಳಲ್ಲಿ. ಡ್ರಾಯರ್‌ಗಳಿಗೆ ಹಿಡಿಯೂ ಇಲ್ಲ, ಒತ್ತಿದರೆ ತೆರೆಯುತ್ತವೆ.

ಭಾವನಿಗೆ ಇದು ಮೊದಲಿನಿಂದಲೂ ಹಿಡಿಸಿಲ್ಲ. ಬಾಡಿಗೆ ಕೊಡುವ ಒಂದೊಂದು ಅಡಿಯಲ್ಲೂ ಮಾಲು ಇರಬೇಕು ಎನ್ನುವವರು. ಅವರ ಲೆಕ್ಕ ತಪ್ಪಲ್ಲ. ಆದರೆ ಅಕ್ಕ ಮಾಡಿಸಿದ ಒಂದು ಒಡವೆಯನ್ನಾದರೂ ಅವರು ಕೈಯಲ್ಲಿ ಹಿಡಿದು ನೋಡಿದ್ದನ್ನು ನಾನು ಕಂಡಿಲ್ಲ. ಆ ಬೇಸರ ನನಗಿದೆ.

ಖಾಲಿ ಬಿಟ್ಟಿದ್ದು ಬರೀ ಚಂದಕ್ಕಲ್ಲ. ನಮ್ಮ ಮಳೆಗಾಲದಲ್ಲಿ ಚರ್ಮದ ಬ್ಯಾಗುಗಳನ್ನು ಒತ್ತೊತ್ತಾಗಿ ತುಂಬಿಟ್ಟರೆ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ಗಾಳಿ ಆಡಲಿ ಅಂತ ಡ್ರಾಯರ್‌ಗಳ ಹಿಂಬದಿಗೆ ಸೀಳು ಬಿಡಿಸಿದ್ದೇನೆ. ದೀಪಕ್ಕಂತೂ ಜಾಸ್ತಿ ತಲೆ ಕೆಡಿಸಿಕೊಂಡೆ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ; 6500 ಕೆಲ್ವಿನ್‌ನ ಬಿಳಿ ಬೆಳಕಿನಲ್ಲಿ ಚಿನ್ನದ ನೀರು ಕೊಟ್ಟ ಕೊಡವರ ಸರ ಕೊಕ್ಕೆತಾತಿ ಸಪ್ಪೆಯಾಗಿ ಕಾಣುತ್ತದೆ. ಹಳದಿ ಛಾಯೆಯ 3000 ಕೆಲ್ವಿನ್, ಸಿಆರ್‌ಐ (ಬಣ್ಣವನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಅನ್ನುವ ಅಂಕ) 90ರ ಮೇಲಿನ ದೀಪ ಹಾಕಿದೆವು. ಸರದ ಅರ್ಧಚಂದ್ರದ ಪದಕದ ಅಂಚಿನ ಮುತ್ತುಗಳು ಒಂದೊಂದಾಗಿ ಕಂಡವು. ಅಕ್ಕ ಆವತ್ತು ಮಾತೇ ಆಡಲಿಲ್ಲ, ಸುಮ್ನೆ ನೋಡುತ್ತಾ ನಿಂತಳು.

ಆ ಜಾಗದಲ್ಲಿ ನಿಂತು ಅಜ್ಜಿ ಕೇಳಿದ್ದು, "ಎಲ್ಲಾ ಖರ್ಚಾಗಿ ಹೋಯ್ತಾ ಮಗ?"

ಅಕ್ಕ ನನ್ನ ಮುಖ ನೋಡಿದಳು. ನಾನು ವಿವರಿಸಲು ಶುರು ಮಾಡಿದೆ. 1995ರಲ್ಲಿ ಜಾನ್ ಪಾಸನ್ ಎಂಬ ಇಂಗ್ಲೆಂಡಿನ ವಿನ್ಯಾಸಕ ನ್ಯೂಯಾರ್ಕಿನ ಮ್ಯಾಡಿಸನ್ ಅವೆನ್ಯೂದಲ್ಲಿ ಕ್ಯಾಲ್ವಿನ್ ಕ್ಲೈನ್ ಅಂಗಡಿಯನ್ನು ಹೀಗೇ ಖಾಲಿ ಖಾಲಿಯಾಗಿ ಮಾಡಿದ್ದು, ಅದರ ಚಿತ್ರ ನೋಡಿದ ಸನ್ಯಾಸಿಗಳು ಝೆಕ್ ದೇಶದಲ್ಲಿ ತಮ್ಮ ಮಠ ಕಟ್ಟಿಕೊಡಿ ಅಂತ ಅವರನ್ನೇ ಕೇಳಿದ್ದು. ಬಟ್ಟೆ ಅಂಗಡಿ ನೋಡಿ ಮಠ! ನನಗೆ ತುಂಬಾ ಇಷ್ಟದ ಕತೆ ಅದು.

ಅಜ್ಜಿ ಪೂರ್ತಿ ಕೇಳಿದರು. ಆಮೇಲೆ, "ಕೊಡೆ ಎಲ್ಲಿಡಲಿ?" ಅಂದರು.

ಇಡಲು ಜಾಗ ಇರಲಿಲ್ಲ. ಕೂರಲೂ ಇರಲಿಲ್ಲ. ಮಡಿಕೇರಿಯಲ್ಲಿ ಅಂಗಡಿ ಮಾಡಿ ಕೊಡೆಗೆ ಜಾಗ ಮರೆತಿದ್ದೆ. ಅಜ್ಜಿ ಕೊಡೆಯನ್ನು ಹೊರಗೆ ಮಳೆಯಲ್ಲೇ ಇಟ್ಟು ಬಂದು, ಮೇಜಿಗೆ ಕೈ ತಾಗಿದರೆ ಎಲ್ಲಿ ಕೊಳೆಯಾಗುತ್ತದೋ ಅನ್ನುವ ಹಾಗೆ ದೂರವೇ ನಿಂತರು. ಐದು ನಿಮಿಷವೂ ಇರಲಿಲ್ಲ.

ಆ ರಾತ್ರಿ ನನಗೆ ಐನ್‌ಮನೆ, ಅಂದರೆ ಕೊಡವ ಕುಟುಂಬದ ಹಿರಿಯರ ಮೂಲ ಮನೆ ನೆನಪಾಯಿತು. ಅದರ ನಡುಮನೆ, ನೆಲ್ಲಕ್ಕಿ ನಡುಬಾಡೆಯಲ್ಲಿ ಏನಿರುತ್ತದೆ? ಒಂದು ದೀಪ, ಹಿರಿಯರ ನೆನಪು, ಅಷ್ಟೇ ಅಲ್ವಾ. ಅಲ್ಲಿ ಯಾರಿಗೂ ಹೆದರಿಕೆ ಆಗುವುದಿಲ್ಲ. ಮುಂದಿನ ಜಗುಲಿ ಕೈಯಾಲೆ ಇದೆ, ಕಂಬಗಳ ನಡುವೆ ಕೂರುವ ಹಲಗೆ ಐಮರ ಇದೆ. ಬಂದವರು ಮೊದಲು ಕೂರುತ್ತಾರೆ. ಕೂತು, ಉಸಿರು ಬಿಟ್ಟು, ಆಮೇಲೆ ಮನೆ ನೋಡುತ್ತಾರೆ. ಆ ಸನ್ಯಾಸಿಗಳಿಗೂ ತಾವು ಎಲ್ಲಿ ಕೂರುತ್ತೇವೆ, ಎಲ್ಲಿ ಪ್ರಾರ್ಥನೆ ಮಾಡುತ್ತೇವೆ ಅನ್ನುವುದು ಕಂಡಿರಬೇಕು. ನಾನು ವಸ್ತುಗಳ ಸುತ್ತ ಜಾಗ ಬಿಟ್ಟಿದ್ದೆ. ಅಜ್ಜಿಗೆ ಬಿಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆಯೇ ಆಚಾರಿಗೆ ಫೋನ್ ಮಾಡಿದೆ. ಮೇಜಿಗೆ ತಂದ ಹಲಸಿನ ಹಲಗೆಯಲ್ಲಿ ಒಂದು ಉಳಿದಿತ್ತು. ಬಾಗಿಲ ಪಕ್ಕಕ್ಕೆ ಐಮರ, ಅದರ ಕೊನೆಗೆ ಕೊಡೆ ಇಡಲು ಕಲ್ಲಿನ ತೊಟ್ಟಿ. 18 ಇಂಚು ಎತ್ತರ ಇರಲಿ ಅಂದೆ. ಅಳತೆ ಹಿಡಿಯುವಾಗ ಅಜ್ಜಿಯೂ ಬಂದಿದ್ದರು. "ನನ್ನ ಮೊಣಕಾಲಿಗೆ ಸರಿ ಮಾಡು, ನೀವೆಲ್ಲ ಹೇಗಾದರೂ ಕೂರ್ತೀರಿ" ಅಂದರು. 16ಕ್ಕೆ ಇಳಿಯಿತು.

ಹಲಗೆ ಕೂತ ಮೇಲೆ ಅಜ್ಜಿ ಕೂತರು. ಅಕ್ಕ ಡ್ರಾಯರ್ ಒತ್ತಿ, ಒಳಗಿದ್ದ ಒಡವೆಗಳನ್ನು ಒಂದೊಂದಾಗಿ ತಂದು ಅವರ ಮಡಿಲಲ್ಲಿಟ್ಟಳು. ಅಜ್ಜಿ ಪ್ರತಿಯೊಂದನ್ನೂ ತಿರುಗಿಸಿ ಹಿಂಬದಿಯ ಕೆಲಸ ನೋಡಿದರು. ಮಧ್ಯಾಹ್ನದ ಊಟಕ್ಕೆ ಕರೆದರೂ ಏಳಲಿಲ್ಲ.

ಶನಿವಾರ ಪೂಜೆ. ಒಂದು ಡ್ರಾಯರನ್ನು ಯಾವಾಗಲೂ ಅರ್ಧ ತೆರೆದೇ ಇಡೋಣ, ಒಳಗೆ ಇದೆ ಅಂತ ಜನಕ್ಕೆ ಗೊತ್ತಾಗಲಿ ಅನ್ನುತ್ತಿದ್ದಾಳೆ ಅಕ್ಕ. ಅರ್ಧ ತೆರೆದ ಡ್ರಾಯರ್ ನನ್ನ ಕಣ್ಣಿಗೆ ಇನ್ನೂ ಚುಚ್ಚುತ್ತದೆ. ನಾಳೆ ಒಂದನ್ನು ಎಳೆದಿಟ್ಟು ನೋಡಬೇಕು.